ಬಂಡೆ ಹಿಡಿಯುವ ಬೆರಳು, ಬೆಳ್ಳಿ ಬೆಸೆಯುವ ಬೆರಳು: ಎರಡನ್ನೂ ಉಳಿಸಿಕೊಳ್ಳುವುದು ಹೇಗೆ?

ತುರಹಳ್ಳಿ_ಸಂಜೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಮನೆಯ ಹಿಂದಿನ ಕೋಣೆಯಲ್ಲಿ ಬೆಳ್ಳಿಯ ಒಡವೆ ಮಾಡುತ್ತೇನೆ. ಕಾಲುಂಗುರ, ಓಲೆ, ರವೆ ಕೆಲಸದ (ಬೆಳ್ಳಿಯ ಸಣ್ಣ ಗುಂಡುಗಳನ್ನು ಸಾಲಾಗಿ ಬೆಸೆದ) ಪದಕ, ಆಗಾಗ ಚನ್ನಪಟ್ಟಣದ ಅರಗಿನ ಮಣಿಗಳನ್ನು ಬೆಳ್ಳಿಯ ತಂತಿಯಲ್ಲಿ ಪೋಣಿಸಿದ ಸರ, ಇಷ್ಟು ನನ್ನ ಕಸುಬು. ಇನ್ನೊಂದು ಬದುಕು ಶಿಲಾರೋಹಣದ್ದು: ವಾರದ ನಡುವೆ ಒಳಾಂಗಣದ ಕ್ಲೈಂಬಿಂಗ್ ಗೋಡೆ, ಬಿಡುವಿದ್ದ ಸಂಜೆ ತುರಹಳ್ಳಿಯ ಬಂಡೆಗಳು, ಚಳಿ ಬಿದ್ದ ಮೇಲೆ ಹಂಪಿಯ ಬಳಿಯ ಆನೆಗೊಂದಿಯ ಕಡೆ ಪಯಣ.

ಕೇಳಬೇಕೆಂದಿರುವುದು ವೇಳಾಪಟ್ಟಿಯ ಬಗ್ಗೆ ಅಲ್ಲ. ಗಂಟೆಗಳನ್ನು ಹೇಗೋ ಹೊಂದಿಸಿಕೊಳ್ಳಬಹುದು. ಕಷ್ಟ ಇರುವುದು ಕೈಯಲ್ಲಿ. ಸಣ್ಣ ಅಂಚುಗಳನ್ನು ಹಿಡಿದು ಹತ್ತಿದ ಮರುದಿನ ಕೆಲಸದ ಹಲಗೆಯ ಮುಂದೆ ಕೂತರೆ ಗರಗಸದ ಎಳೆ ಮೇಲಿಂದ ಮೇಲೆ ತುಂಡಾಗುತ್ತದೆ, ಚಿಮಟದ ತುದಿ ನಡುಗುತ್ತದೆ, ಬೆಸುಗೆಯ ತುಣುಕು ಇಡಬೇಕಾದ ಜಾಗದಿಂದ ಕೂದಲೆಳೆಯಷ್ಟು ಆಚೆ ಕೂರುತ್ತದೆ. ಶ್ರಾವಣದ ಮುಂಗಡಗಳು ಮುಗಿದ ಮೇಲೆ ಬಂಡೆಗೆ ಹೋದರೆ ಇದೇ ಕಥೆ ತಿರುಗಿ ನಿಲ್ಲುತ್ತದೆ. ಬೆರಳ ಗೆಣ್ಣುಗಳು ಬಿಗಿದು, ಮೊಣಕೈಯ ಹೊರಭಾಗ ನೋಯುತ್ತಾ, ಹಿಂದಿನ ವರ್ಷ ಸಲೀಸಾಗಿ ಏರಿದ ಬಂಡೆಯೂ ಮೇಲಕ್ಕೆ ಬಿಡುವುದಿಲ್ಲ. ಎರಡನ್ನೂ ಗಂಭೀರವಾಗಿ ಹಿಡಿದವರು, ಅದರಲ್ಲೂ ಒಡವೆಯ ಆದಾಯದಲ್ಲೇ ಮನೆ ನಡೆಸುವವರು, ಇದನ್ನು ಹೇಗೆ ನಿಭಾಯಿಸುತ್ತಿದ್ದೀರಿ? “ಒಂದನ್ನು ಹವ್ಯಾಸವಾಗಿ ಇಟ್ಟುಕೊಳ್ಳಿ” ಎಂಬ ಸಲಹೆ ಮನೆಯಲ್ಲಿಯೇ ಧಾರಾಳವಾಗಿ ಸಿಗುತ್ತದೆ, ಅದನ್ನು ದಯವಿಟ್ಟು ಬಿಟ್ಟುಬಿಡಿ.

ಕಂಬಚ್ಚು

ನಾನು ಅಕ್ಕಸಾಲಿಗರ ಮನೆಯವನು, ಹರೆಯದಲ್ಲಿ ಸಾವನದುರ್ಗದ ಇಳಿಜಾರು ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಸಾಕಷ್ಟು ಏರಿದವನು. ಸಾವನದುರ್ಗದ ಏರಿಕೆಯಲ್ಲಿ ಬೆರಳಿಗಿಂತ ಪಾದದ ಮೇಲಿನ ನಂಬಿಕೆಗೆ ಕೆಲಸ ಹೆಚ್ಚು. ಅದರಿಂದ ನನ್ನ ಕಸುಬಿಗೆ ಅಷ್ಟಾಗಿ ಪೆಟ್ಟು ಬೀಳಲಿಲ್ಲ. ನೀವು ಹೇಳುತ್ತಿರುವ ಸಣ್ಣ ಅಂಚುಗಳ ಬೌಲ್ಡರಿಂಗ್, ಅಂದರೆ ಹಗ್ಗವಿಲ್ಲದೆ ತಗ್ಗಿನ ಬಂಡೆ ಏರುವುದು, ಬೇರೆ ಮಾತು, ಅದು ಬೆರಳನ್ನೇ ತಿನ್ನುವ ಆಟ.

ನನ್ನ ಮೊದಲ ಸಲಹೆ ಇಷ್ಟು. ಒಡವೆ ಕೆಲಸವೆಂದರೆ ಒಂದೇ ಕೆಲಸವಲ್ಲ. ಅದರಲ್ಲಿ ಹತ್ತಾರು ಕೆಲಸಗಳಿವೆ, ಕೈ ದಣಿದಿದ್ದರೂ ನಡೆಯುವವು ಯಾವುವು, ದಣಿದ ಕೈಯಲ್ಲಿ ಮುಟ್ಟಲೇಬಾರದವು ಯಾವುವು ಎಂದು ಮೊದಲು ವಿಂಗಡಿಸಿ. ಬೆಳ್ಳಿ ಕರಗಿಸಿ ಅಚ್ಚಿಗೆ ಹುಯ್ಯುವುದು, ಹದ ಕಾಯಿಸುವುದು, ಹುಳಿಯಲ್ಲಿ, ಅಂದರೆ ಆಮ್ಲದ ನೀರಿನಲ್ಲಿ, ಅದ್ದಿ ಬೆಳಗುವುದು, ಅರದ ಪುಡಿ ಗುಡಿಸಿ ಮತ್ತೆ ಕರಗಿಸಲು ಕೂಡಿಡುವುದು, ಅಂಟುವಾಳದ ನೀರಿನಲ್ಲಿ ತೊಳೆಯುವುದು, ತೂಕ ಬರೆದಿಡುವುದು, ಇವೆಲ್ಲ ಬಂಡೆ ಏರಿದ ಮರುದಿನಕ್ಕೆ ಸರಿ. ಗರಗಸದಲ್ಲಿ ಕತ್ತರಿಸುವುದು, ಹರಳು ಕೂರಿಸುವುದು, ರವೆ ಕೆಲಸ, ಇವು ಮೂರು ವಿಶ್ರಾಂತಿ ಪಡೆದ ಕೈಗೆ ಮೀಸಲು. ಎಲ್ಲರೂ ಮರೆಯುವ ಇನ್ನೊಂದು ಉಂಟು: ಕಂಬಚ್ಚಿನಲ್ಲಿ, ಅಂದರೆ ತೂತುಗಳಿರುವ ಲೋಹದ ಪಟ್ಟಿಯಲ್ಲಿ ತೂರಿಸಿ, ತಂತಿಯನ್ನು ಸಣ್ಣಗೆ ಎಳೆಯುವುದು. ನೋಡಲು ಒರಟು ಕೆಲಸ, ದಣಿದಾಗಲೂ ಮಾಡಬಹುದು ಎನ್ನಿಸುತ್ತದೆ. ಆದರೆ ಇಕ್ಕಳವನ್ನು ಬಿಗಿಯಾಗಿ ಹಿಡಿದು ಮೈಭಾರ ಹಾಕಿ ಎಳೆಯುವಾಗ ದುಡಿಯುವುದು ಬಂಡೆಯ ಮೇಲೆ ದುಡಿದ ಅದೇ ಮುಂಗೈಯ ಸ್ನಾಯುಗಳು. ಹಾಗಾಗಿ ತಂತಿ ಎಳೆಯುವ ದಿನವನ್ನು ಕ್ಲೈಂಬಿಂಗ್ ದಿನವೆಂದೇ ಲೆಕ್ಕಕ್ಕೆ ಹಿಡಿಯಬೇಕು.

ರವೆ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕೈಯ ಸ್ಥಿತಿ ಸುಳ್ಳು ಹೇಳಲಾರದ ಕೆಲಸ ಅದು. ಸಣ್ಣ ತಂತಿಯನ್ನು ಸಾಸಿವೆಗಿಂತ ಚಿಕ್ಕ ಚೂರುಗಳಾಗಿ ಕತ್ತರಿಸಿ ಇದ್ದಿಲಿನ ಮೇಲೆ ಹರಡಿ ಉರಿ ತೋರಿಸಿದರೆ ಒಂದೊಂದು ಚೂರೂ ಕೆಂಪಗಾಗಿ, ಕ್ಷಣ ನಡುಗಿ, ತನ್ನಷ್ಟಕ್ಕೆ ಗುಂಡಗಾಗುತ್ತದೆ. ಆ ಗುಂಡುಗಳನ್ನು ಬಿಳಿಗಾರದ ನೀರಿನಲ್ಲಿ ಅದ್ದಿದ ಕುಂಚದ ತುದಿಯಿಂದ ಎತ್ತಿ ಪದಕದ ಅಂಚಿನಲ್ಲಿ ಸಾಲಾಗಿ ಇಡಬೇಕು. ಕುಂಚದಲ್ಲಿ ನೀರು ಹೆಚ್ಚಾದರೆ ಬಿಸಿ ತಾಗಿದಾಗ ಬಿಳಿಗಾರ ಉಬ್ಬಿ ಇಡೀ ಸಾಲು ಜಾರುತ್ತದೆ, ಕಡಿಮೆಯಾದರೆ ಗುಂಡು ಕುಂಚಕ್ಕೆ ಅಂಟುವುದೇ ಇಲ್ಲ. ಶುದ್ಧ ಬೆಳ್ಳಿ ಕರಗುವುದು ಸುಮಾರು 961 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಾಮ್ರ ಬೆರೆತ 92.5ರ ಬೆಳ್ಳಿ ಅದಕ್ಕೂ ಮೊದಲೇ ಮೆದುವಾಗುತ್ತದೆ, ಬೆಸುಗೆ ಇನ್ನೂ ಮೊದಲು ಹರಿಯುತ್ತದೆ. ಈ ಅಂತರ ಬಹಳ ಕಿರಿದು. ಉರಿಯನ್ನು ತೆಗೆಯುವ ಗಳಿಗೆಯಲ್ಲಿ ಮಣಿಕಟ್ಟು ತಡವರಿಸಿದರೆ ರವೆಯ ಸಾಲು ಕರಗಿ ಗೆರೆಯಾಗುತ್ತದೆ. ಬಂಡೆ ಏರಿದ ಮೇಲೆ ಪೂರ್ತಿ ಎರಡು ರಾತ್ರಿ ಕಳೆಯದೆ ನಾನು ರವೆ ಮುಟ್ಟುತ್ತಿರಲಿಲ್ಲ.

ಕೈಗಾಯ_ಆರೈಕೆ

ನಾನು ಫಿಸಿಯೋಥೆರಪಿಸ್ಟ್, ಬಂಡೆ ಏರುವವಳೂ ಹೌದು. ಕಂಬಚ್ಚು ಅವರು ತಂತಿ ಎಳೆಯುವುದನ್ನು ಕ್ಲೈಂಬಿಂಗ್ ಲೆಕ್ಕಕ್ಕೆ ಸೇರಿಸಿದ್ದು ಬಹಳ ಸರಿಯಾಯಿತು. ಅದನ್ನೇ ಸ್ವಲ್ಪ ಮುಂದುವರಿಸುತ್ತೇನೆ.

ಬೆರಳನ್ನು ಮಡಿಸುವ ಸ್ನಾಯುರಜ್ಜುಗಳು ಮೂಳೆಗೆ ಅಂಟಿಕೊಂಡೇ ಸಾಗುವಂತೆ ಹಿಡಿದಿಡುವ ಪಟ್ಟಿಗಳಿಗೆ ಪುಲ್ಲಿ ಎನ್ನುತ್ತಾರೆ. ಅವುಗಳಲ್ಲಿ ಬೆರಳ ಬುಡದ ಎ2 ಎಂಬುದು ಬಂಡೆ ಏರುವವರಲ್ಲಿ ಎಲ್ಲಕ್ಕಿಂತ ಹೆಚ್ಚು ಗಾಯಗೊಳ್ಳುವ ಪುಲ್ಲಿ, ಅದರಲ್ಲೂ ಉಂಗುರಬೆರಳು ಮತ್ತು ನಡುಬೆರಳಿನಲ್ಲಿ. ನಡುಗೆಣ್ಣನ್ನು ಎತ್ತರಿಸಿ ತುದಿಯನ್ನು ಹಿಂದಕ್ಕೆ ಬಾಗಿಸಿ ಸಣ್ಣ ಅಂಚನ್ನು ಕಚ್ಚಿ ಹಿಡಿಯುವ ಕ್ರಿಂಪ್ ಹಿಡಿತದಲ್ಲಿ ಈ ಪಟ್ಟಿಯ ಮೇಲೆ ಬೀಳುವ ಒತ್ತಡ ಬೆರಳ ತುದಿಯ ಭಾರಕ್ಕಿಂತ ಹಲವು ಪಟ್ಟು ಹೆಚ್ಚು. ಬೆರಳುಗಳನ್ನು ಚಾಚಿದಂತೆ ಇಟ್ಟು ಹಿಡಿಯುವ ತೆರೆದ ಹಿಡಿತದಲ್ಲಿ ಅದು ಎಷ್ಟೋ ಕಡಿಮೆ. ಸ್ನಾಯು ಎರಡು ದಿನಗಳಲ್ಲಿ ಚೇತರಿಸಿಕೊಂಡರೂ ಈ ಪಟ್ಟಿಗಳಿಗೆ ರಕ್ತದ ಓಡಾಟ ಕಡಿಮೆಯಾದ್ದರಿಂದ ಅವು ನಿಧಾನವಾಗಿ ಗಟ್ಟಿಯಾಗುತ್ತವೆ, ಹರಿದರೆ ನಿಧಾನವಾಗಿಯೇ ಕೂಡುತ್ತವೆ; ವಾರಗಳಿಂದ ತಿಂಗಳುಗಳವರೆಗೂ ಹಿಡಿಯಬಹುದು. ನಿಮಗೆ ಈಗ ಶಕ್ತಿ ಇದೆ ಎನ್ನಿಸುವುದು ಸ್ನಾಯುವಿನ ಮಾತು ಮಾತ್ರ ಎಂಬುದನ್ನು ನೆನಪಿನಲ್ಲಿಡಿ.

ಒಡವೆ ಕೆಲಸದ ಹಾನಿ ಬೇರೆ ಬಗೆಯದು. ಅಲ್ಲಿ ಭಾರ ಕಡಿಮೆ, ಪುನರಾವರ್ತನೆ ಹೆಚ್ಚು. ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿ ಇಕ್ಕಳ ಒತ್ತುತ್ತಾ ಹೋದರೆ ಮೊಣಕೈಯ ಹೊರಭಾಗ ನೋಯುತ್ತದೆ. ಬಂಡೆಯ ಮೇಲೆ ಮೈಯನ್ನು ಎಳೆದುಕೊಳ್ಳುವುದರಿಂದ ಹೆಚ್ಚಾಗಿ ಒಳಭಾಗ ನೋಯುತ್ತದೆ. ಎರಡನ್ನೂ ಮಾಡುವವರು ಯಾವ ಕಡೆ ನೋಯುತ್ತಿದೆ ಎಂದು ಗಮನಿಸಿದರೆ ಯಾವ ಕೆಲಸವನ್ನು ಕಡಿಮೆ ಮಾಡಬೇಕೆಂದು ಬಹುಮಟ್ಟಿಗೆ ತಿಳಿಯುತ್ತದೆ. ನೀವು ಹೊರಭಾಗ ಎಂದು ಬರೆದಿದ್ದೀರಿ. ನನ್ನ ಅನುಮಾನ ಬಂಡೆಗಿಂತ ಇಕ್ಕಳದ ಮೇಲೆಯೇ. ಸ್ಪ್ರಿಂಗ್ ಇರುವ, ಹಿಡಿ ದಪ್ಪಗಿರುವ ಇಕ್ಕಳ ಕೊಳ್ಳಿ. ತೆಳುವಾದ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದರೂ ನಡೆಯುತ್ತದೆ. ಕೆಲಸದ ಹಲಗೆಯನ್ನು ಎದೆಮಟ್ಟಕ್ಕೆ ಏರಿಸಿ, ಮೊಣಕೈಗೆ ಆಸರೆ ಕೊಡಿ. ಬಂಡೆ ಏರುವವರ ಭುಜ ಮೊದಲೇ ಮುಂದಕ್ಕೆ ಬಾಗಿರುತ್ತದೆ, ತಗ್ಗಿನ ಹಲಗೆ ಅದನ್ನು ಇನ್ನಷ್ಟು ಬಾಗಿಸುತ್ತದೆ. ಬೆರಳುಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವ ವ್ಯಾಯಾಮ ಎರಡೂ ಬಗೆಯ ಕೆಲಸಕ್ಕೆ ಹಿತ, ಏಕೆಂದರೆ ಎರಡರಲ್ಲಿಯೂ ಬೆರಳು ಮಡಿಸುವುದೇ ಆಯಿತು, ಬಿಡಿಸುವುದು ಇಲ್ಲ.

ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಸಂದರ್ಭಗಳೂ ಇವೆ. ಏರುವಾಗ ಬೆರಳಲ್ಲಿ “ಟಪ್” ಎಂಬ ಸದ್ದು ಕೇಳಿ ಬುಡ ಊದಿಕೊಂಡರೆ ಅಂದೇ ನಿಲ್ಲಿಸಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣವಿರಬಹುದು, ಅದನ್ನು ದಣಿವೆಂದು ತಳ್ಳಿಹಾಕಬೇಡಿ.

ಬಾದಾಮಿ_ಕೆಂಪು

ಇಷ್ಟೊಂದು ಒಳ್ಳೆಯ ಮಾಹಿತಿಯ ನಡುವೆ ಉಂಗುರದ ವಿಷಯ ಯಾರೂ ಎತ್ತಲಿಲ್ಲವಲ್ಲ. ಉಂಗುರ ಮಾಡುವವರು ತಮ್ಮ ಉಂಗುರವನ್ನು ತಾವೇ ಹಾಕಿಕೊಂಡು ಬಂಡೆಗೆ ಬರುವುದನ್ನು ನಾನು ನೋಡಿದ್ದೇನೆ. ಬಿರುಕಿನಲ್ಲಿ ಅಥವಾ ಹಗ್ಗ ಸಿಕ್ಕಿಸಲು ಬಂಡೆಗೆ ಜಡಿದ ಬೋಲ್ಟಿನ ಅಂಚಿನಲ್ಲಿ ಉಂಗುರ ಸಿಕ್ಕಿಕೊಂಡು ಮೈಭಾರವೆಲ್ಲ ಅದರ ಮೇಲೆ ಬಿದ್ದರೆ ಬೆರಳ ಚರ್ಮವೇ ಕೈಗವಸಿನಂತೆ ಸುಲಿದು ಬರುತ್ತದೆ, ಕೆಲವೊಮ್ಮೆ ಬೆರಳೇ ಉಳಿಯುವುದಿಲ್ಲ. ಉಂಗುರ, ಬಳೆ, ಕಡಗ, ಉದ್ದದ ಸರ, ಎಲ್ಲವೂ ಚೀಲದೊಳಗೆ. ಮೂಗುಬೊಟ್ಟು ಇದ್ದರೆ ಇರಲಿ.

ಇನ್ನು ಮೂಲ ಪ್ರಶ್ನೆ. ಬಾದಾಮಿಯ ಮರಳುಗಲ್ಲಿನಲ್ಲಿ ಬೋಲ್ಟ್ ಹಾಕಿದ ಏರುದಾರಿಗಳಿವೆ, ಹಿಡಿತಗಳು ಹಂಪಿಯ ಕಣಶಿಲೆಗಿಂತ (ಗ್ರಾನೈಟ್) ಚರ್ಮಕ್ಕೆ ಎಷ್ಟೋ ಮೃದು. ಕೈಯಿಂದ ಜೀವನ ಸಾಗಿಸುವವರಿಗೆ ನಾನು ಹಂಪಿಗಿಂತ ಬಾದಾಮಿಯನ್ನೇ ಹೇಳುತ್ತೇನೆ, ಇದರಲ್ಲಿ ಊರಿನ ಅಭಿಮಾನವೂ ಸ್ವಲ್ಪ ಇರಬಹುದು. ಆದರೆ ಮಳೆ ಬಿದ್ದ ಮೇಲೆ ಮರಳುಗಲ್ಲು ಒಳಗಿನವರೆಗೂ ಒಣಗುವ ತನಕ ಏರಬಾರದು. ನೀರು ಕುಡಿದ ಮರಳುಗಲ್ಲಿನ ಬಲ ಕುಗ್ಗಿರುತ್ತದೆ, ಹಿಡಿತ ಮುರಿದರೆ ನಿಮಗೂ ಪೆಟ್ಟು, ದಾರಿಯೂ ಶಾಶ್ವತವಾಗಿ ಹಾಳು.

ಸಣಾಪುರ_ಬಿಸಿಲು

ಹಂಪಿಯನ್ನು ಬಾದಾಮಿಯವರು ತಳ್ಳಿಹಾಕುವುದು ಇಂದು ನಿನ್ನೆಯದಲ್ಲ, ಆ ಜಗಳ ಚಾಲುಕ್ಯರಿಗೂ ವಿಜಯನಗರದವರಿಗೂ ಬಿಟ್ಟದ್ದು. ನಾನು ಚಳಿಗಾಲವನ್ನು ಆನೆಗೊಂದಿ, ಸಣಾಪುರದ ಸುತ್ತಮುತ್ತ ಕಳೆಯುತ್ತೇನೆ, ಅಲ್ಲಿಯೇ ಒಡವೆಯನ್ನೂ ಮಾಡುತ್ತೇನೆ.

ಅಲ್ಲಿಯ ದಿನಚರಿಯನ್ನು ಬಿಸಿಲೇ ನಿರ್ಧರಿಸುತ್ತದೆ. ಕಣಶಿಲೆ ತಣ್ಣಗಿದ್ದಾಗ ಬೆರಳು ಕಚ್ಚುತ್ತದೆ, ಬಿಸಿಯಾದರೆ ಬೆವರಿಗೆ ಜಾರುತ್ತದೆ; ಆದ್ದರಿಂದ ಬೆಳಗಿನ ಜಾವ ಮತ್ತು ಸಂಜೆ ಬಂಡೆಯ ಪಾಲು, ನಡುವಿನ ಹೊತ್ತು ಕೆಲಸದ ಪಾಲು. ಕೇಳಲು ಸೊಗಸಾಗಿದೆ. ಆದರೆ ಕೈಯ ಲೆಕ್ಕದಲ್ಲಿ ನೋಡಿದರೆ ಬೆಳಿಗ್ಗೆ ದಣಿದ ಬೆರಳನ್ನೇ ಮಧ್ಯಾಹ್ನ ಮತ್ತೆ ದುಡಿಸಿದಂತಾಗುತ್ತದೆ. ಅದಕ್ಕಾಗಿ ನಾನು ಅಲ್ಲಿಗೆ ಗರಗಸವನ್ನು ಒಯ್ಯುವುದೇ ಇಲ್ಲ. ಕತ್ತರಿಸುವುದು, ಬೆಸುಗೆ, ರವೆ ಎಲ್ಲ ಮಳೆಗಾಲದಲ್ಲಿ ಮನೆಯಲ್ಲಿಯೇ ಮುಗಿದಿರುತ್ತದೆ. ಜೊತೆಗೆ ಬರುವುದು ಅರೆಬರೆ ಸಿದ್ಧವಾದ ತುಣುಕುಗಳು, ಮರಳು ಕಾಗದ, ಒಂದು ಸಣ್ಣ ಸುತ್ತಿಗೆ, ಮಣಿ, ದಾರ. ಪೋಣಿಸುವುದು, ಕೊಂಡಿ ಹಾಕುವುದು, ಉಜ್ಜಿ ಮೆರುಗು ಕೊಡುವುದು, ಇಷ್ಟೇ ಅಲ್ಲಿಯ ಕೆಲಸ. ಗುಡಿಸಲಿನಂಥ ಬಾಡಿಗೆ ಕೋಣೆಯಲ್ಲಿ ಗ್ಯಾಸ್ ಉರಿ ಹಚ್ಚುವುದು ಬೆಂಕಿಯ ದೃಷ್ಟಿಯಿಂದಲೂ ಬೇಡ.

ಮಾರಾಟದ ಬಗ್ಗೆಯೂ ಒಂದು ಮಾತು. ಹಂಪಿಯ ಎದುರು, ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಅತಿಥಿಗೃಹಗಳಿದ್ದಾಗ ವಿದೇಶಿ ಕ್ಲೈಂಬರ್‌ಗಳ ನಡುವೆ ಸಣ್ಣಪುಟ್ಟ ಒಡವೆ ಚೆನ್ನಾಗಿ ಹೋಗುತ್ತಿತ್ತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಅವನ್ನು ತೆರವು ಮಾಡಲಾಯಿತು; ಈಗ ಜನ ಸಣಾಪುರದ ಕಡೆ ಚದುರಿದ್ದಾರೆ, ಒಂದೇ ಕಡೆ ಕೂತು ಮಾರುವ ಕಾಲ ಹೋಯಿತು. ಹಂಪಿಯ ಸ್ಮಾರಕಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಸಂರಕ್ಷಿತ ಸ್ಮಾರಕಗಳ ಬಳಿ ಏರಬಾರದು, ಅಲ್ಲಿಂದ ಕಲ್ಲಿನ ಚೂರನ್ನು ಪದಕಕ್ಕೆಂದು ತರುವುದಂತೂ ಸಲ್ಲದು. “ಹಂಪಿಯ ಕಲ್ಲಿನ ಪದಕ ಮಾಡಿಕೊಡಿ” ಎಂದು ಕೇಳುವವರು ಬರುತ್ತಾರೆ. ನಾನು ಒಲ್ಲೆ ಎನ್ನುತ್ತೇನೆ. ಕಣಶಿಲೆಯೇ ಬೇಕೆಂದರೆ ಇಳಕಲ್ಲಿನ ಗಣಿಗಾರಿಕೆಯ ಕೆಂಪು ಗ್ರಾನೈಟಿನ ತುಂಡುಗಳಿವೆ, ಮೆರುಗು ಕೊಟ್ಟರೆ ಬೆಳ್ಳಿಯ ಚೌಕಟ್ಟಿನಲ್ಲಿ ಬಹಳ ಚೆಂದ ಕೂರುತ್ತದೆ. ಕತ್ತರಿಸುವಾಗ, ಉಜ್ಜುವಾಗ ನೀರು ಹಾಕುತ್ತಲೇ ಇರಬೇಕು, ಒಳ್ಳೆಯ ಮುಖಗವಸು ಧರಿಸಬೇಕು. ಒಣ ಪುಡಿಯಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಸೇರಿದರೆ ಮತ್ತೆ ಹೊರಬರುವುದಿಲ್ಲ.

ಒರೆಗಲ್ಲು

ಕೈಯ ಬಗ್ಗೆ ಎಲ್ಲರೂ ಹೇಳಿದರು, ನಾನು ಹಣದ ಬಗ್ಗೆ ಹೇಳುತ್ತೇನೆ. ಕೈಗೆ ವಿಶ್ರಾಂತಿ ಕೊಡಬೇಕಾದರೆ ಆ ವಿಶ್ರಾಂತಿಯ ದಿನಗಳ ಖರ್ಚು ಎಲ್ಲಿಂದಲೋ ಹುಟ್ಟಬೇಕಲ್ಲ.

ಬೆಳ್ಳಿ 2025ರಲ್ಲಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿ ಮೇಲಕ್ಕೇ ಹೋಯಿತು. ಲೆಕ್ಕ ಸುಲಭವಾಗಲಿ ಎಂದು ಲಕ್ಷವನ್ನೇ ಹಿಡಿಯೋಣ: ಹತ್ತು ಗ್ರಾಂನ ಓಲೆಯಲ್ಲಿ ಲೋಹದ ಬೆಲೆ ಸಾವಿರ ರೂಪಾಯಿ, ಇನ್ನೂರು ಗ್ರಾಂನ ಗೆಜ್ಜೆಯಲ್ಲಿ ಇಪ್ಪತ್ತು ಸಾವಿರ. ಬೆಲೆ ಅರ್ಧದಷ್ಟು ಏರಿದರೆ ಓಲೆಗೆ ಐನೂರು ಹೆಚ್ಚಾಗುತ್ತದೆ, ಗಿರಾಕಿ ಗೊಣಗಿ ಕೊಡುತ್ತಾರೆ. ಗೆಜ್ಜೆಗೆ ಹತ್ತು ಸಾವಿರ ಹೆಚ್ಚಾಗುತ್ತದೆ, ಗಿರಾಕಿ ಬರುವುದೇ ನಿಲ್ಲುತ್ತದೆ. ಆದ್ದರಿಂದ ಸಣ್ಣ ಬಂಡವಾಳದವರಿಗೆ ಹಗುರವಾದ, ಮಜೂರಿ ಹೆಚ್ಚಿರುವ ಒಡವೆಯೇ ಕ್ಷೇಮ ಎಂದು ಎಲ್ಲರೂ ಹೇಳುತ್ತಾರೆ. ತೊಡಕು ಇರುವುದು ಅಲ್ಲಿಯೇ. ಮಜೂರಿ ಹೆಚ್ಚಿರುವ ಒಡವೆಯೆಂದರೆ ರವೆ, ತಂತಿ ಕುಸುರಿ, ಹರಳು. ಕಂಬಚ್ಚು ಅವರು ವಿಶ್ರಾಂತ ಕೈಗೆ ಮೀಸಲಿಟ್ಟ ಕೆಲಸಗಳೇ ಅವು. ಬಂಡೆ ಏರುವವರ ಕೈಗೆ ದುಬಾರಿ ಬೀಳುವುದೂ ಹಣ ತರುವುದೂ ಒಂದೇ ಕೆಲಸ.

ಹಾಗಾಗಿ ಮಜೂರಿಯನ್ನು ಗಂಟೆಯ ಮೇಲೆ ಕಟ್ಟಬೇಡಿ, ಕೈಗೆ ಬೇಕಾದ ಬಿಡುವನ್ನೂ ಸೇರಿಸಿ ಕಟ್ಟಿ. ಒಂದು ರವೆ ಪದಕಕ್ಕಾಗಿ ಎರಡು ದಿನ ಬಂಡೆ ಬಿಟ್ಟಿದ್ದೀರಿ ಎಂದಾದರೆ ಆ ಎರಡು ದಿನಗಳೂ ಅದರ ಕ್ರಯದ ಭಾಗ. ಇದರ ಜೊತೆಗೆ ಕೈಗೆ ಹಗುರಾದ ಒಂದೆರಡು ಮಾದರಿಗಳು ನಿಮ್ಮ ಬಳಿ ಸದಾ ಇರಲಿ: ಸುತ್ತಿಗೆಯಲ್ಲಿ ತಟ್ಟಿದ ಕಡಗ, ಅಚ್ಚಿಗೆ ಹುಯ್ದ ಸರಳ ಕಾಲುಂಗುರ, ಚನ್ನಪಟ್ಟಣದ ಮಣಿಸರ. ಕಡಗ ತಟ್ಟಲು ಭುಜ ಬೇಕು, ಬೆರಳ ತುದಿ ಬೇಕಿಲ್ಲ.

ಇನ್ನೊಂದು ವಿಷಯ. ಬೆಳ್ಳಿಯ ಹಾಲ್‌ಮಾರ್ಕ್‌ಗೆ (ಶುದ್ಧತೆಯ ಅಧಿಕೃತ ಮುದ್ರೆ) 2025ರ ಸೆಪ್ಟೆಂಬರ್ 1ರಿಂದ ವಿಶಿಷ್ಟ ಗುರುತಿನ ಸಂಖ್ಯೆ ಸೇರಿದೆ, ಆದರೆ ಅದನ್ನು ಐಚ್ಛಿಕವಾಗಿ ಜಾರಿಗೆ ತಂದಿದ್ದಾರೆ. ಆನ್‌ಲೈನ್‌ನಲ್ಲಿ ಅಪರಿಚಿತರಿಗೆ ಮಾರುವವರು 925 ಎಂದು ಬರೆದುಕೊಂಡು ಸುಮ್ಮನಾಗುವ ಬದಲು ಹಾಲ್‌ಮಾರ್ಕ್ ಮಾಡಿಸುವುದೇ ಲೇಸು. ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನು ಕೇಳಿ ತನ್ನಿ. ಕ್ಯಾಡ್ಮಿಯಂನ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ.

ತುರಹಳ್ಳಿ_ಸಂಜೆ

ಎಲ್ಲರಿಗೂ ಧನ್ಯವಾದಗಳು. ಒರೆಗಲ್ಲು ಅವರೇ, ಬಿಡುವನ್ನೂ ಕ್ರಯಕ್ಕೆ ಸೇರಿಸುವ ಮಾತು ನನಗೆ ಹೊಸದು, ಗಿರಾಕಿಗಳಿಗೆ ಅದನ್ನು ಹೇಳುವ ಧೈರ್ಯ ಬರಬೇಕಷ್ಟೇ. ಕೈಗಾಯ_ಆರೈಕೆ ಅವರು ಹೇಳಿದ ಮೇಲೆ ನನ್ನ ಇಕ್ಕಳಗಳನ್ನು ನೋಡಿದೆ, ಸ್ಪ್ರಿಂಗ್ ಇರುವುದು ಒಂದೂ ಇಲ್ಲ.

ಚರ್ಮದ ಬಗ್ಗೆ ಕೇಳುವುದು ಉಳಿದಿದೆ. ಹಂಪಿಯ ಬಂಡೆಯಲ್ಲಿನ ಒರಟು ಹರಳುಗಳು ಬೆರಳ ತುದಿಯನ್ನು ಸವೆಸಿದ ಮೇಲೆ, ಆ ತೆಳು ಚರ್ಮದಲ್ಲಿ ಬಿಸಿ ಬೆಳ್ಳಿ, ಹುಳಿ, ಅರದ ಪುಡಿ ಮುಟ್ಟುವುದು ಬಹಳ ಕಷ್ಟ. ಇದಕ್ಕೆ ಏನು ಮಾಡುತ್ತೀರಿ?

ಕಂಬಚ್ಚು

ಹುಳಿಯನ್ನು ಬದಲಿಸಿ. ನಮ್ಮ ಹಿರಿಯರು ಗಂಧಕಾಮ್ಲ ಬಳಸುತ್ತಿದ್ದರು, ಅವರ ಬೆರಳುಗಳ ಸ್ಥಿತಿ ನೋಡಿದ್ದೇನೆ. ಬಿಸಿ ನೀರಿನಲ್ಲಿ ನಿಂಬೆ ಉಪ್ಪು ಕರಗಿಸಿದರೆ ನಿಧಾನವಾದರೂ ಅದೇ ಕೆಲಸ ಆಗುತ್ತದೆ; ತಾಮ್ರದ ಚಿಮಟದಲ್ಲಿ ಅದ್ದಿ ತೆಗೆದರೆ ಕೈ ಒದ್ದೆಯಾಗುವುದೂ ಇಲ್ಲ. ಕಬ್ಬಿಣದ ಚಿಮಟ ಬೇಡ, ಬೆಳ್ಳಿಯ ಮೇಲೆ ತಾಮ್ರದ ಬಣ್ಣ ಕೂರುತ್ತದೆ.

ಸಣಾಪುರ_ಬಿಸಿಲು

ಬಂಡೆಯಿಂದ ಬಂದ ಕೂಡಲೇ, ಜಾರದಿರಲೆಂದು ಕೈಗೆ ಹಚ್ಚಿಕೊಂಡ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿಯನ್ನು ತೊಳೆದುಬಿಡಿ. ಅದು ಬೆರಳ ಮೇಲೆ ಉಳಿದಷ್ಟು ಹೊತ್ತೂ ಚರ್ಮವನ್ನು ಒಣಗಿಸುತ್ತಲೇ ಇರುತ್ತದೆ. ರಾತ್ರಿ ಕೊಬ್ಬರಿ ಎಣ್ಣೆಯೋ ಮೇಣದ ಮುಲಾಮೋ ಹಚ್ಚಿ. ಒಣಗಿ ಗಡುಸಾದ ಚರ್ಮದ ಅಂಚು ಎದ್ದರೆ ಕಿತ್ತುಹಾಕದೆ, ನುಣುಪು ಮರಳು ಕಾಗದದಲ್ಲಿ ತೀಡಿ ಸಮ ಮಾಡಿ. ಅರ ಹಿಡಿಯುವ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ಬಿರುಕು ಬಿಟ್ಟ ಬೆರಳಿಗೆ ಟೇಪ್ ಸುತ್ತದೆ ಅರ ಮುಟ್ಟಬೇಡಿ, ಲೋಹದ ಪುಡಿ ಒಳಸೇರಿದರೆ ಕೀವಾಗುತ್ತದೆ. ಆದರೆ ಸುತ್ತುವ ಹೊಳಪು ಯಂತ್ರದ ಮುಂದೆ ಟೇಪ್ ಆಗಲಿ, ಬಟ್ಟೆಯ ಕೈಗವಸಾಗಲಿ ಬೇಡವೇ ಬೇಡ, ಅದು ಎಳೆಯನ್ನು ಹಿಡಿದು ಕೈಯನ್ನೇ ಒಳಗೆಳೆಯುತ್ತದೆ.

ನ್ಯೂರೆಂಬರ್ಗ್_ಕನ್ನಡಿತಿ

ಜರ್ಮನಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಫ್ರಾಂಕನ್‌ಯೂರಾ ಎಂಬ ಸುಣ್ಣಕಲ್ಲಿನ ಪ್ರದೇಶ ಮನೆಯ ಬಳಿಯೇ ಇದೆ. ಒಂದೆರಡು ಬೆರಳು ಹಿಡಿಸುವಷ್ಟೇ ಇರುವ ರಂಧ್ರಗಳಿಗೆ ಪ್ರಸಿದ್ಧ. ಒಡವೆ ಕೆಲಸ ಕಲಿತವಳಾಗಿ ನಾನು ಆ ರಂಧ್ರಗಳ ದಾರಿಗಳನ್ನು ಬಿಟ್ಟೇ ಬಿಟ್ಟೆ. ಒಂದೇ ಬೆರಳಿನ ಮೇಲೆ ಮೈಭಾರ ಹಾಕಿ ಆ ಬೆರಳು ಹೋದರೆ ಕಸುಬೂ ಹೋಯಿತು. ಏರಲು ಬೇರೆ ದಾರಿಗಳು ಸಾವಿರ ಇವೆ.

ಬಾದಾಮಿಯವರು ಹೇಳಿದ ಒದ್ದೆ ಮರಳುಗಲ್ಲಿನ ನಿಯಮ ಡ್ರೆಸ್ಡೆನ್ ಬಳಿಯ ಎಲ್ಬೆ ಮರಳುಗಲ್ಲಿನ ಗೋಪುರಗಳಲ್ಲೂ ಕಟ್ಟುನಿಟ್ಟು. ಅಲ್ಲಿ ಕೈಗೆ ಪುಡಿ ಹಚ್ಚುವುದೂ ನಿಷಿದ್ಧ, ಬಿರುಕಿಗೆ ಲೋಹದ ಸಾಧನ ಹಾಕುವಂತಿಲ್ಲ, ಗಂಟು ಹಾಕಿದ ಪಟ್ಟಿಗಳನ್ನೇ ಸಿಕ್ಕಿಸಬೇಕು. ಇನ್ನು ಪ್ಫೋರ್ಟ್ಸ್‌ಹೈಮ್ ಎಂಬ ಊರು ಹದಿನೆಂಟನೆಯ ಶತಮಾನದಿಂದಲೂ ಒಡವೆಯ ಊರು. ಇಲ್ಲಿಯ ಕೆಲಸದ ಮೇಜಿನ ಮುಂಭಾಗದಲ್ಲಿ ಅರ್ಧಚಂದ್ರದಂತೆ ಕೊರೆದು, ಕೆಳಗೆ ಅರದ ಪುಡಿ ಬೀಳಲು ಚರ್ಮದ ಜೋಲಿ ಕಟ್ಟಿರುತ್ತಾರೆ. ಮೊಣಕೈಗಳೆರಡೂ ಆ ಚಂದ್ರನ ತೋಳುಗಳ ಮೇಲೆ ಒರಗುತ್ತವೆ, ಭುಜ ತಾನಾಗಿ ಇಳಿಯುತ್ತದೆ. ಅಂಥ ಮೇಜನ್ನು ಊರಿನ ಬಡಗಿಯಿಂದಲೇ ಮಾಡಿಸಿಕೊಳ್ಳಬಹುದು.

ಬಾದಾಮಿ_ಕೆಂಪು

ಒಂದು ಭಿನ್ನಾಭಿಪ್ರಾಯ. ಸಣಾಪುರದವರು ವರ್ಷವನ್ನು ಎರಡು ಭಾಗ ಮಾಡಿದ್ದಾರೆ: ಮಳೆಗಾಲ ಒಡವೆಗೆ, ಚಳಿಗಾಲ ಬಂಡೆಗೆ. ನನಗೆ ಅದು ಅಪಾಯಕಾರಿ ಎನ್ನಿಸುತ್ತದೆ. ನಾಲ್ಕೈದು ತಿಂಗಳು ಬಂಡೆ ಮುಟ್ಟದೆ, ನವೆಂಬರ್‌ನಲ್ಲಿ ಒಮ್ಮೆಲೇ ಹಂಪಿಗೆ ಬಂದು ದಿನವೂ ಏರುವವರೇ ಪುಲ್ಲಿ ಹರಿದುಕೊಳ್ಳುವುದನ್ನು ನೋಡಿದ್ದೇನೆ. ಸ್ವಲ್ಪ ಸ್ವಲ್ಪವಾಗಿ ವರ್ಷಪೂರ್ತಿ ಏರುವುದೇ ಒಳ್ಳೆಯದಲ್ಲವೇ?

ಕೈಗಾಯ_ಆರೈಕೆ

ಬಾದಾಮಿಯವರ ಮಾತನ್ನು ನಾನು ಒಪ್ಪುತ್ತೇನೆ. ಪೂರ್ತಿ ನಿಲ್ಲಿಸುವುದಕ್ಕಿಂತ ಪ್ರಮಾಣ ಬದಲಿಸುವುದು ಉತ್ತಮ. ಒಡವೆಯ ಒತ್ತಡದ ತಿಂಗಳುಗಳಲ್ಲಿ ವಾರಕ್ಕೆರಡು ಸಲ, ತೆರೆದ ಹಿಡಿತದಲ್ಲಿ ಸುಲಭದ ಏರಿಕೆ ಸಾಕು. ಬೆರಳು ಭಾರದ ಅಭ್ಯಾಸವನ್ನು ಮರೆಯುವುದಿಲ್ಲ. ನವೆಂಬರ್‌ನ ಮೊದಲ ವಾರಗಳಲ್ಲಿ ಕ್ರಿಂಪ್ ಬೇಡ.

ಒರೆಗಲ್ಲು

ಪಂಚಾಂಗವನ್ನೂ ಸ್ವಲ್ಪ ನೋಡಿ. ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿ ಖಾಲಿ, ಮಳೆಯೂ ಇರುತ್ತದೆ. ಶ್ರಾವಣದ ವರಮಹಾಲಕ್ಷ್ಮಿಗೆ ಬೇಕಾದ ಸರಕನ್ನು ಆಗಲೇ ಮಾಡಿಟ್ಟುಕೊಳ್ಳಬೇಕು, ವ್ರತದ ಹಿಂದಿನ ವಾರ ಹಗಲೂ ರಾತ್ರಿ ಕೂರುವ ಪಾಡು ಬರಬಾರದು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಆಗಲೂ ಮದುವೆಗಳಿಲ್ಲ, ಯಾರೂ ಕಾಲುಂಗುರಕ್ಕೆಂದು ಬಾಗಿಲು ತಟ್ಟುವುದಿಲ್ಲ, ಬಂಡೆಗೆ ಅದಕ್ಕಿಂತ ತಂಪಾದ ಕಾಲ ಇನ್ನೊಂದಿಲ್ಲ. ಕಷ್ಟವಿರುವುದು ದೀಪಾವಳಿಯಿಂದ ಧನುರ್ಮಾಸದ ಆರಂಭದವರೆಗಿನ ವಾರಗಳು ಮಾತ್ರ. ಹವೆ ತಂಪಾಗಿರುತ್ತದೆ, ಮುಂಗಡವೂ ಬಂದಿರುತ್ತದೆ. ಅಲ್ಲಿ ನಾನು ಹೊಸ ವಿನ್ಯಾಸದ ಕೆಲಸ ಒಪ್ಪಿಕೊಳ್ಳುವುದಿಲ್ಲ, ಸಿದ್ಧ ಮಾದರಿಗಳನ್ನು ಮಾತ್ರ ಕೊಡುತ್ತೇನೆ. ಒಂದಿಬ್ಬರು ಹಳೆಯ ಗಿರಾಕಿಗಳು ಹೋದರು, ಹೋಗಲಿ.

ಸಣಾಪುರ_ಬಿಸಿಲು

ಕಾಲುಂಗುರದ ಮಾತು ಬಂದದ್ದರಿಂದ ಕೇಳುತ್ತೇನೆ. ಕ್ಲೈಂಬಿಂಗ್ ಶೂ ಬಹಳ ಬಿಗಿ, ಕಾಲುಂಗುರ ಹಾಕಿಕೊಂಡು ಅದನ್ನು ಧರಿಸಿದರೆ ಪಕ್ಕದ ಬೆರಳು ಕಚ್ಚಿ ನೀಲಿಯಾಗುತ್ತದೆ. ಮದುವೆಯಾದ ಹೆಣ್ಣುಮಕ್ಕಳು ಪ್ರತಿ ಸಲ ಸೋಪು ಹಚ್ಚಿ ತೆಗೆಯಬೇಕು. ಸುಲಭವಾಗಿ ತೆರೆಯುವಂಥದ್ದನ್ನು ಯಾರಾದರೂ ಮಾಡಿದ್ದೀರಾ? ಏರುವವರ ಕೈಬೆರಳಿಗೂ ಇದೇ ತೊಂದರೆ, ವರ್ಷಗಳಾದ ಮೇಲೆ ಗೆಣ್ಣು ದಪ್ಪಗಾಗಿ ಬುಡ ಸಣ್ಣಗಿರುತ್ತದೆ; ಗೆಣ್ಣು ದಾಟುವ ಉಂಗುರ ಬುಡದಲ್ಲಿ ತಿರುಗುತ್ತಲೇ ಇರುತ್ತದೆ.

ಕಂಬಚ್ಚು

ಸುತ್ತು ಮುಚ್ಚದೆ, ತುದಿಗಳೆರಡನ್ನೂ ಒಂದರ ಮೇಲೊಂದು ಹಾಯಿಸಿ ಬಿಡಿ. ಅಂಥ ಕಾಲುಂಗುರ ಹಿಂದಿನಿಂದಲೂ ಇದೆ. ಬೆಸುಗೆ ಹಾಕಿದ ಮೇಲೆ ಬೆಳ್ಳಿ ಮೆತ್ತಗಾಗಿರುತ್ತದೆ, ಗುಂಡಾದ ಕೋಲಿನ ಮೇಲೆ ಮರದ ಸುತ್ತಿಗೆಯಿಂದ ತಟ್ಟಿ ಮತ್ತೆ ಗಡುಸು ಮಾಡಿ, ಆಗ ಹಿಗ್ಗಿಸಿದರೂ ತನ್ನ ಅಳತೆಗೆ ಮರಳುತ್ತದೆ. ಕೈಬೆರಳಿನ ಉಂಗುರಕ್ಕೆ ಒಳಗಡೆ ಕೆಳಭಾಗದಲ್ಲಿ ಎರಡು ಸಣ್ಣ ರವೆಗಳನ್ನು ಬೆಸೆದರೆ ಬುಡದಲ್ಲಿ ತಿರುಗುವುದು ನಿಲ್ಲುತ್ತದೆ.

ತುರಹಳ್ಳಿ_ಸಂಜೆ

ಈ ವರ್ಷಕ್ಕೆ ನಾನು ಹೀಗೆ ಗೊತ್ತುಮಾಡಿಕೊಂಡೆ: ಆಷಾಢದಲ್ಲಿ ರವೆ ಕೆಲಸವೆಲ್ಲ ಮುಗಿಯುತ್ತದೆ, ಶ್ರಾವಣದಲ್ಲಿ ವಾರಕ್ಕೆರಡು ಸಂಜೆ ಗೋಡೆ, ದೀಪಾವಳಿಯ ನಂತರ ಹೊಸ ಮುಂಗಡ ಇಲ್ಲ, ಧನುರ್ಮಾಸ ಪೂರ್ತಿ ಸಣಾಪುರ. ತಂತಿ ಎಳೆಯುವುದನ್ನು ನಾನೇ ಮಾಡದೆ, ಬೇಕಾದ ದಪ್ಪದ ತಂತಿಯನ್ನು ಚಿಕ್ಕಪೇಟೆಯ ಕಡೆ ಎಳೆಸಿ ತರುತ್ತೇನೆ. ತೆರೆದ ಕಾಲುಂಗುರದ ಮಾದರಿ ಒಂದನ್ನು ಮಾಡಿ ನನ್ನ ಶೂ ಒಳಗೆ ಹಾಕಿ ನೋಡುತ್ತೇನೆ. ಕಂಬಚ್ಚು ಅವರೇ, ಎರಡು ಎಳೆ ಹಾಯುವ ಜಾಗದಲ್ಲಿ ತಂತಿಯನ್ನು ಚಪ್ಪಟೆ ಮಾಡಬೇಕೇ, ದುಂಡಗೇ ಬಿಡಬೇಕೇ?

ಕಂಬಚ್ಚು

ಚಪ್ಪಟೆ ಮಾಡಿ, ತುದಿಗಳನ್ನು ನುಣುಪಾಗಿ ಅರ ಹಾಕಿ. ದುಂಡಗಿದ್ದರೆ ಪಕ್ಕದ ಬೆರಳಿಗೆ ಒತ್ತುತ್ತದೆ.